ನೆಲದಲ್ಲಿ ನೀರಿದ್ದೂ ಬಾಡುವ ಟೊಮೆಟೊ: ದಾರಿ ಎಲ್ಲಿ ಕಡಿದಿದೆ ಎಂದು ಪತ್ತೆ ಹಚ್ಚುವ ಕ್ರಮ

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಟೊಮೆಟೊ ಬೆಳೆಗಾರರಿಂದ ಪದೇ ಪದೇ ಕೇಳಿಬರುವ ದೂರೊಂದಿದೆ. ಡ್ರಿಪ್ ಓಡುತ್ತಿದೆ, ಮಣ್ಣು ಹಸಿಯಾಗಿದೆ, ಗೊಬ್ಬರಕ್ಕೂ ಕಡಿಮೆ ಮಾಡಿಲ್ಲ. ಆದರೂ ಗಿಡ ಬಾಡುತ್ತಿದೆ, ಇಲ್ಲವೇ ಎಲೆ ಹಳದಿಗೆ ತಿರುಗುತ್ತಿದೆ, ಇಲ್ಲವೇ ಕಾಯಿಯ ತುದಿ ಕಪ್ಪಾಗುತ್ತಿದೆ. ಇಂಥ ಹೊತ್ತಿನಲ್ಲಿ ಮೊದಲು ಹೊಳೆಯುವ ಪರಿಹಾರ ಇನ್ನಷ್ಟು ನೀರು, ಇನ್ನಷ್ಟು ಗೊಬ್ಬರ. ಅದೂ ಫಲಿಸದಿದ್ದರೆ ಅಂಗಡಿಯವರು ಕೊಟ್ಟ ಔಷಧಿ, ಟಾನಿಕ್ಕುಗಳು. ನೆಲದಲ್ಲಿ ನೀರಿರುವುದು ಬೇರೆ, ಅದು ಎಲೆಯನ್ನು ಮುಟ್ಟುವುದು ಬೇರೆ ಎಂಬುದನ್ನು ಮರೆತರೆ ಈ ಖರ್ಚು ವ್ಯರ್ಥವಾಗುವುದಷ್ಟೇ ಅಲ್ಲ, ಅನೇಕ ಸಂದರ್ಭಗಳಲ್ಲಿ ಗಿಡದ ಸಾವನ್ನೇ ಹತ್ತಿರ ತರುತ್ತದೆ. ನೀರು ಮತ್ತು ಪೋಷಕಾಂಶಗಳು ಬೇರಿನಿಂದ ಎಲೆಗೆ, ಎಲೆಯಿಂದ ಕಾಯಿಗೆ ಸಾಗುವ ದಾರಿ ಎಲ್ಲಿ ಕಡಿದಿದೆ ಎಂಬುದನ್ನು ಹೊಲದಲ್ಲೇ, ಕೈಯಲ್ಲಿರುವ ಸಾಮಾನಿನಿಂದಲೇ ಪತ್ತೆ ಹಚ್ಚುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ದಾರಿಯನ್ನು ತಿಳಿಯಬೇಕು

ಬೇರಿನ ತುದಿಗೆ ಸ್ವಲ್ಪ ಹಿಂದಿರುವ ಬೇರುರೋಮಗಳು ಮಣ್ಣಿನ ಕಣಗಳ ನಡುವಿನ ನೀರನ್ನು ಒಳಗೆ ಎಳೆದುಕೊಳ್ಳುತ್ತವೆ. ಆ ನೀರು ಬೇರಿನ ಹೊರಭಾಗದಲ್ಲಿ ಕೋಶಗಳ ಸಂದಿಯಿಂದಲೂ ಸಾಗಬಲ್ಲದು. ಆದರೆ ಒಳಗಿನ ಒಂದು ಪದರದಲ್ಲಿ ಕೋಶಗಳ ನಡುವಿನ ಸಂದಿಗಳನ್ನೆಲ್ಲ ನೀರು ನುಸುಳದ ಕ್ಯಾಸ್ಪರಿ ಪಟ್ಟಿ ಮುಚ್ಚಿರುವುದರಿಂದ, ಅಲ್ಲಿಗೆ ಬಂದ ನೀರೂ ಅದರಲ್ಲಿ ಕರಗಿದ ಲವಣಗಳೂ ಜೀವಂತ ಕೋಶದ ಪೊರೆಯನ್ನು ಹಾದೇ ಮುಂದೆ ಹೋಗಬೇಕಾಗುತ್ತದೆ. ಜೀವಂತ ಕೋಶಕ್ಕೆ ಉಸಿರಾಟ ಬೇಕು, ಉಸಿರಾಟಕ್ಕೆ ಮಣ್ಣಿನಲ್ಲಿ ಗಾಳಿ ಬೇಕು. ಬೇರು ಸತ್ತರೆ ಅಥವಾ ಉಸಿರುಕಟ್ಟಿದರೆ ಸುತ್ತ ಎಷ್ಟು ನೀರಿದ್ದರೂ ಗಿಡಕ್ಕೆ ದಕ್ಕುವುದಿಲ್ಲ ಎಂಬುದಕ್ಕೆ ಕಾರಣ ಇಲ್ಲಿದೆ.

ಈ ಪದರವನ್ನು ದಾಟಿದ ನೀರು ಕ್ಸೈಲಂ ಎಂಬ ಅಂಗಾಂಶವನ್ನು ಸೇರುತ್ತದೆ. ಕ್ಸೈಲಂನ ಕೊಳವೆಗಳು ಸತ್ತ ಕೋಶಗಳಿಂದಾದವು, ಒಳಗೆ ಟೊಳ್ಳು. ಹಗಲಿನಲ್ಲಿ ನೀರನ್ನು ಮೇಲೇರಿಸುವ ಶಕ್ತಿ ಬೇರಿನಿಂದಲ್ಲ, ಎಲೆಯಿಂದ ಬರುತ್ತದೆ: ಪತ್ರರಂಧ್ರಗಳ, ಅಂದರೆ ಎಲೆಯ ಮೈಮೇಲಿನ ಸಣ್ಣ ತೂತುಗಳ ಮೂಲಕ ನೀರು ಆವಿಯಾದಂತೆಲ್ಲ ಅದರ ಹಿಂದಿನ ನೀರು, ಅಣುಗಳು ಒಂದನ್ನೊಂದು ಬಿಡದೆ ಹಿಡಿದಿರುವುದರಿಂದ, ಬೇರಿನವರೆಗೂ ಎಳೆಯಲ್ಪಡುತ್ತದೆ. 1894ರಲ್ಲಿ ಡಬ್ಲಿನ್‌ನ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ ಮಂಡಿಸಿದ ಈ ವಿವರಣೆಯೇ ಇಂದಿಗೂ ಒಪ್ಪಿತವಾಗಿದೆ. ಗಿಡ ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಹೀಗೆ ಆವಿಯಾಗಿ ಹೋಗುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆಯ ದಾರಿ ಬೇರೆ. ಅದು ಫ್ಲೋಯಂ ಎಂಬ ಜೀವಂತ ಅಂಗಾಂಶದಲ್ಲಿ, ತಯಾರಾದ ಕಡೆಯಿಂದ ಬಳಕೆಯಾಗುವ ಕಡೆಗೆ, ಅಂದರೆ ಬೇರಿಗೆ, ಚಿಗುರಿಗೆ, ಕಾಯಿಗೆ ಹರಿಯುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಎರಡೂ ದಾರಿಗಳಲ್ಲಿ ಸಂಚರಿಸುತ್ತವೆ. ಕ್ಯಾಲ್ಸಿಯಂ ಮಾತ್ರ ಬಹುತೇಕ ಕ್ಸೈಲಂ ಒಂದನ್ನೇ ನೆಚ್ಚಿಕೊಂಡಿದೆ. ಇಷ್ಟು ನೆನಪಿದ್ದರೆ ಮುಂದೆ ಹೇಳುವ ಒಂದೊಂದು ಲಕ್ಷಣವೂ ತಾನಾಗಿ ಅರ್ಥ ಕೊಡುತ್ತದೆ.

ಗಿಡವನ್ನು ಮುಟ್ಟುವ ಮೊದಲು ಹೊತ್ತು ಮತ್ತು ಜಾಗವನ್ನು ಗಮನಿಸಿ

ಬಾಡಿದ ಗಿಡವನ್ನು ಮಧ್ಯಾಹ್ನ ಒಂದೇ ಬಾರಿ ನೋಡಿ ತೀರ್ಮಾನಕ್ಕೆ ಬರಬಾರದು. ಬಿಸಿಲೇರಿದಾಗ ಆವಿಯಾಗುವ ವೇಗಕ್ಕೆ ಬೇರಿನ ಹೀರುವಿಕೆ ಸರಿಸಾಟಿಯಾಗದೆ ಎಲೆ ಜೋಲುವುದು, ಸಂಜೆ ತಂಪಾದೊಡನೆ ಮತ್ತೆ ನೆಟ್ಟಗಾಗುವುದು ಆರೋಗ್ಯವಂತ ಗಿಡದಲ್ಲೂ ಕಾಣುತ್ತದೆ. ಹಾಗಾಗಿ ಅದೇ ಗಿಡವನ್ನು ಮರುದಿನ ಬೆಳಗ್ಗೆ ಸೂರ್ಯ ಏಳುವ ಮೊದಲು ಮತ್ತೊಮ್ಮೆ ನೋಡಬೇಕು. ರಾತ್ರಿ ಪತ್ರರಂಧ್ರಗಳು ಮುಚ್ಚಿರುವಾಗ ಬೇರುಗಳು ಲವಣಗಳನ್ನು ಒಳಕ್ಕೆ ಸೇರಿಸುತ್ತಲೇ ಇರುವುದರಿಂದ ಕ್ಸೈಲಂನಲ್ಲಿ ಒತ್ತಡ ಹುಟ್ಟಿ, ಎಲೆಯಂಚಿನ ಸೂಕ್ಷ್ಮ ರಂಧ್ರಗಳಿಂದ ನೀರು ಹನಿಹನಿಯಾಗಿ ಹೊರಬರುತ್ತದೆ. ಇದು ಇಬ್ಬನಿಯಲ್ಲ. ಇಬ್ಬನಿ ಎಲೆಯ ಮೈಯೆಲ್ಲ ಹರಡಿರುತ್ತದೆ. ಈ ಹನಿಗಳು ಅಂಚಿನಲ್ಲಿ, ಎಲೆಯ ಹಲ್ಲುಗಳ ತುದಿಯಲ್ಲಿ ಸಾಲಾಗಿ ನಿಂತಿರುತ್ತವೆ. ಹನಿಗಳಿದ್ದರೆ ಬೇರಿನಿಂದ ಎಲೆಯ ತುದಿಯವರೆಗೆ ದಾರಿ ತೆರೆದಿದೆ ಎಂದು ನಂಬಬಹುದು. ಗಾಳಿ ಒಣಗಿದ್ದಾಗ ಆರೋಗ್ಯವಂತ ಗಿಡದಲ್ಲೂ ಹನಿ ಕಾಣದಿರಬಹುದಾದ್ದರಿಂದ ಇಲ್ಲದಿರುವುದನ್ನು ಸಾಕ್ಷಿಯಾಗಿ ಹಿಡಿಯುವಂತಿಲ್ಲ. ಆದರೆ ಬೆಳಗಿನ ತಂಪಿನಲ್ಲೂ ಗಿಡ ಜೋಲಿದ್ದರೆ ದೋಷ ನಿಜವಾದದ್ದು, ಮುಂದಿನ ಪರೀಕ್ಷೆಗಳನ್ನು ಅಂದೇ ಮಾಡಬೇಕು.

ಬಾಡಿದ ಗಿಡಗಳು ತೋಟದಲ್ಲಿ ಹೇಗೆ ಹರಡಿವೆ ಎಂಬುದೂ ಬಹಳಷ್ಟನ್ನು ಹೇಳುತ್ತದೆ. ಒಂದು ಸಾಲು ಪೂರ್ತಿ, ಅಥವಾ ಸಾಲಿನ ಕೊನೆಯ ಭಾಗ ಸೊರಗಿದ್ದರೆ ಡ್ರಿಪ್ ಕಡೆ ನೋಡಬೇಕು. ತಗ್ಗಿನ ಜಾಗದಲ್ಲಿ ಮಾತ್ರ ಕಂಡರೆ ಜವುಗನ್ನು ಶಂಕಿಸಬೇಕು. ಅಲ್ಲೊಂದು ಇಲ್ಲೊಂದು ಗಿಡ ಬಾಡಿ, ಕೆಲವೇ ದಿನಗಳಲ್ಲಿ ಪಕ್ಕದ ಗಿಡಗಳಿಗೆ, ಅದರಲ್ಲೂ ನೀರು ಹರಿಯುವ ದಿಕ್ಕಿನಲ್ಲಿ ಹಬ್ಬಿದರೆ ಅದು ಸೊರಗು ರೋಗದ ನಡೆ.

ನೀರು ಬೇರನ್ನು ತಲುಪುತ್ತಿದೆಯೇ

ಮೋಟಾರ್ ಓಡಿದ ಮಾತ್ರಕ್ಕೆ ನೀರು ಬಿದ್ದಿದೆ ಎಂದು ತಿಳಿಯಬಾರದು. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ ಕೆಳಗೆ ಪಾತ್ರೆಯಿಟ್ಟರೆ 15 ನಿಮಿಷದಲ್ಲಿ 1 ಲೀಟರ್, 2 ಲೀಟರಿನದಾದರೆ ಅರ್ಧ ಲೀಟರ್ ತುಂಬಬೇಕು. ಸಾಲಿನ ಮೊದಲಲ್ಲಿ, ನಡುವೆ ಮತ್ತು ಕೊನೆಯಲ್ಲಿ ಅಳೆದು ನೋಡಿದರೆ ಕಟ್ಟಿಕೊಂಡ ಡ್ರಿಪ್ಪರ್ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಆಳದ ಕೊಳವೆಬಾವಿಗಳ ಗಡಸು ನೀರಿನಲ್ಲಿ ಸುಣ್ಣದ ಅಂಶ ಡ್ರಿಪ್ಪರ್ ಬಾಯಿಯಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಅದಕ್ಕೆ ಆಮ್ಲದ ಉಪಚಾರ ಬೇಕು. ಕೆರೆ, ಕೃಷಿ ಹೊಂಡದ ನೀರಾದರೆ ಪಾಚಿ ಕಟ್ಟುತ್ತದೆ. ಅದಕ್ಕೆ ಕ್ಲೋರಿನ್ ಬೇಕು. ಎರಡನ್ನೂ ಒಂದೇ ಹೊತ್ತಿನಲ್ಲಿ ಬೆರೆಸಿದರೆ ವಿಷಾನಿಲ ಹೊರಡುವುದರಿಂದ ಎಂದಿಗೂ ಹಾಗೆ ಮಾಡಬಾರದು.

ಮಲ್ಚಿಂಗ್ ಶೀಟ್ ಹಾಸಿದ ಮಡಿಯಲ್ಲಿ ಮೇಲ್ಮಣ್ಣನ್ನು ನೋಡಿ ಮೋಸ ಹೋಗುವವರು ಹೆಚ್ಚು. ಶೀಟಿನ ಕೆಳಗೆ ಮೇಲಿನ ಪದರ ಸದಾ ತೇವವಾಗಿಯೇ ಕಾಣುತ್ತದೆ. ಗಿಡದಿಂದ ಒಂದು ಗೇಣು ದೂರದಲ್ಲಿ 15ರಿಂದ 20 ಸೆಂಟಿಮೀಟರ್ ಆಳದ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಹಿಸುಕಬೇಕು. ಉಂಡೆ ಕಟ್ಟಿ, ಬೆರಳಿಂದ ತಟ್ಟಿದಾಗ ಒಡೆದರೆ ಹದ ಸರಿಯಿದೆ. ಉಂಡೆಯೇ ಆಗದಿದ್ದರೆ ಗಿಡಕ್ಕೆ ನಿಜವಾಗಿಯೂ ನೀರಿನ ಕೊರತೆಯಿದೆ. ಬೆರಳ ಸಂದಿಯಿಂದ ನೀರು ಜಿನುಗಿದರೆ ತೊಂದರೆ ಇದಕ್ಕೆ ತದ್ವಿರುದ್ಧವಾದದ್ದು.

ಹಸಿ ಮಣ್ಣಿನಲ್ಲಿ ಬಾಯಾರುವ ಬೇರು

ಮಣ್ಣಿನ ಸಂದಿಗಳೆಲ್ಲ ನೀರಿನಿಂದ ತುಂಬಿದಾಗ ಗಾಳಿಗೆ ಜಾಗ ಉಳಿಯುವುದಿಲ್ಲ. ಉಸಿರಾಟ ನಿಂತ ಬೇರಿನ ಕೋಶಗಳ ಒಳಗೆ ಆಮ್ಲೀಯತೆ ಹೆಚ್ಚಿ, ಪೊರೆಯಲ್ಲಿ ನೀರು ಹಾಯುವ ಸೂಕ್ಷ್ಮ ದ್ವಾರಗಳು ಮುಚ್ಚಿಕೊಳ್ಳುತ್ತವೆ. ಆಗ ಗಿಡ ನೀರಿನಲ್ಲಿ ನಿಂತೇ ಬಾಡುತ್ತದೆ. ಟೊಮೆಟೊದಲ್ಲಿ ಇದಕ್ಕೊಂದು ಸ್ಪಷ್ಟ ಗುರುತಿದೆ: ಉಸಿರುಕಟ್ಟಿದ ಬೇರಿನಲ್ಲಿ ಉಂಟಾದ ವಸ್ತುವೊಂದು ಮೇಲೇರಿ ಎಲೆಯಲ್ಲಿ ಎಥಿಲೀನ್ ಎಂಬ ಅನಿಲರೂಪದ ಹಾರ್ಮೋನಾಗಿ ಬದಲಾಗುವುದರಿಂದ ಎಲೆಯ ತೊಟ್ಟು ಬಿಲ್ಲಿನಂತೆ ಕೆಳಕ್ಕೆ ಬಾಗುತ್ತದೆ. ಮುಟ್ಟಿ ನೋಡಿದರೆ ಎಲೆ ಮೆತ್ತಗಾಗಿರುವುದಿಲ್ಲ, ತೊಟ್ಟು ಬಿಗಿಯಾಗಿಯೇ ಇರುತ್ತದೆ. ದೂರದಿಂದ ಬಾಡಿದಂತೆ ಕಾಣುವ ಈ ಗಿಡಕ್ಕೆ ಮತ್ತೆ ನೀರು ಬಿಡುವುದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಡ್ರಿಪ್ ನಿಲ್ಲಿಸಿ, ಮಡಿಗಳ ನಡುವೆ ಬಸಿಗಾಲುವೆ ತೆಗೆದು, ಶೀಟನ್ನು ಬುಡದ ಬಳಿ ಸ್ವಲ್ಪ ಸರಿಸಿ ಗಾಳಿಯಾಡಲು ಬಿಡಬೇಕು.

ಲವಣದ ತೊಂದರೆಯೂ ಇದೇ ರೂಪದಲ್ಲಿ ಬರುತ್ತದೆ. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಾದಷ್ಟೂ ಅದನ್ನು ಒಳಗೆಳೆಯುವುದು ಬೇರಿಗೆ ಕಷ್ಟವಾಗುತ್ತದೆ. ಮಣ್ಣಿನ ಸಂತೃಪ್ತ ಸಾರದ (ಪೂರ್ತಿ ತೋಯುವಷ್ಟೇ ನೀರು ಬೆರೆಸಿದ ಮಣ್ಣಿನಿಂದ ಹೀರಿ ತೆಗೆದ ನೀರಿನ) ವಿದ್ಯುತ್ ವಾಹಕತೆ, ಅಂದರೆ ಮಣ್ಣು ಪರೀಕ್ಷೆಯ ವರದಿಯಲ್ಲಿ ಇಸಿ ಎಂದು ಬರೆಯುವ ಸಂಖ್ಯೆ, ಮೀಟರಿಗೆ 2.5 ಡೆಸಿಸೀಮೆನ್ಸ್ ದಾಟಿದ ಮೇಲೆ ಟೊಮೆಟೊ ಇಳುವರಿ ಒಂದೊಂದು ಯೂನಿಟ್‌ಗೆ ಸುಮಾರು ಶೇಕಡಾ 10ರಂತೆ ಕುಸಿಯುತ್ತದೆ. ವರದಿಯ ಅಳತೆ ಸಂತೃಪ್ತ ಸಾರದ್ದೋ, ಹೆಚ್ಚು ನೀರು ಬೆರೆಸಿ ತೆಗೆದದ್ದೋ ಎಂದು ಕೇಳಿ ತಿಳಿಯಬೇಕು. ಎರಡನೆಯದರಲ್ಲಿ ಸಂಖ್ಯೆ ಕಡಿಮೆ ಬರುತ್ತದೆ. ಬುಡಕ್ಕೆ ಗೊಬ್ಬರ ಹಾಕಿದ ಒಂದೆರಡು ದಿನದಲ್ಲೇ ಎಲೆಯಂಚು ಸುಟ್ಟಂತಾಗಿ ಗಿಡ ಜೋಲಿದರೆ ವರದಿಗೆ ಕಾಯಬೇಕಿಲ್ಲ. ನೀರು ಬಸಿದುಹೋಗುವ ಮಣ್ಣಾಗಿದ್ದರೆ ಬರಿಯ ನೀರನ್ನು ಧಾರಾಳವಾಗಿ ಬಿಟ್ಟು ಲವಣವನ್ನು ಬೇರಿನ ವಲಯದಿಂದ ಕೆಳಕ್ಕಿಳಿಸಬೇಕು. ಜವುಗಿಗೂ ಲವಣಕ್ಕೂ ಚಿಕಿತ್ಸೆ ಹೀಗೆ ಪೂರ್ತಿ ವಿರುದ್ಧವಾಗಿರುವುದರಿಂದ, ಎರಡರಲ್ಲಿ ಯಾವುದು ಎಂದು ಖಚಿತವಾಗದೆ ವಾಲ್ವ್‌ಗೆ ಕೈ ಹಾಕಬಾರದು.

ಬೇರು ಮತ್ತು ಬುಡ

ಗಿಡವನ್ನು ಕಿತ್ತರೆ ನೋಡಬೇಕಾದ ಸಣ್ಣ ಬೇರುಗಳೆಲ್ಲ ಮಣ್ಣಿನಲ್ಲೇ ಉಳಿಯುತ್ತವೆ. ಗುದ್ದಲಿಯಿಂದ ಸುತ್ತ ಸಡಿಲಿಸಿ, ಮಣ್ಣಿನ ಹೆಂಟೆಯ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ನಿಧಾನವಾಗಿ ತೊಳೆಯಬೇಕು. ಆರೋಗ್ಯವಂತ ಬೇರು ಬಿಳಿಯಾಗಿ ಗಟ್ಟಿಯಾಗಿರುತ್ತದೆ. ಕಂದಾಗಿ, ಎಳೆದರೆ ಸಿಪ್ಪೆ ಕಳಚಿ ನಡುವಿನ ನಾರು ಮಾತ್ರ ಕೈಯಲ್ಲಿ ಉಳಿದರೆ ಅದು ಕೊಳೆತ ಬೇರು.

ಬೇರಿನ ಮೇಲೆ ಗಂಟುಗಳಿದ್ದರೆ ಬೇರುಗಂಟು ಜಂತುಹುಳುವಿನ ಬಾಧೆಯೆಂದು ತಿಳಿಯಬೇಕು. ಅವರೆ, ಹುರುಳಿ, ನೆಲಗಡಲೆಯ ಬೇರಿನಲ್ಲಿ ಸಾರಜನಕ ಹಿಡಿಯುವ ಗಂಟುಗಳನ್ನು ಕಂಡು ಅಭ್ಯಾಸವಾದ ರೈತರು ಇದನ್ನೂ ಒಳ್ಳೆಯ ಲಕ್ಷಣವೆಂದು ಭಾವಿಸುವುದುಂಟು. ಟೊಮೆಟೊಗೆ ಅಂಥ ಗಂಟುಗಳು ಬರುವುದೇ ಇಲ್ಲ. ದ್ವಿದಳ ಧಾನ್ಯದ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಉಗುರಿನಿಂದ ಬಿಡಿಸಿದರೆ ಕಳಚಿ ಬರುತ್ತದೆ. ಜಂತುಹುಳುವಿನ ಗಂಟು ಬೇರೇ ಊದಿಕೊಂಡು ಆದದ್ದು, ಬೇರನ್ನು ಮುರಿಯದೆ ತೆಗೆಯಲಾಗದು. ಈ ಹುಳು ಕ್ಸೈಲಂ, ಫ್ಲೋಯಂ ಇರುವ ನಡುಭಾಗದಲ್ಲೇ ನೆಲೆನಿಂತು ಸುತ್ತಲ ಕೋಶಗಳನ್ನು ತನ್ನ ಆಹಾರಕ್ಕಾಗಿ ದೈತ್ಯ ಕೋಶಗಳಾಗಿ ಮಾರ್ಪಡಿಸುವುದರಿಂದ ನೀರಿನ ಕೊಳವೆಗಳು ಅಲ್ಲಲ್ಲಿ ತುಂಡಾಗುತ್ತವೆ. ಅಂಥ ಗಿಡ ಒಮ್ಮೆಲೇ ಸಾಯುವುದಿಲ್ಲ. ಕುಳ್ಳಗಾಗಿ, ಮಂಕಾಗಿ, ಮಧ್ಯಾಹ್ನ ಬಾಡಿ ಸಂಜೆ ಎದ್ದು, ಗೊಬ್ಬರದ ಕೊರತೆಯ ಲಕ್ಷಣಗಳನ್ನೇ ತೋರಿಸುತ್ತ ತಿಂಗಳುಗಟ್ಟಲೆ ಇರುತ್ತದೆ. ಹಾಗಾಗಿಯೇ ಇದರ ನಷ್ಟ ಕಣ್ಣಿಗೆ ಬೀಳುವುದು ತಡ. ಬೇವಿನ ಹಿಂಡಿ ಹಾಕುವುದು, ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ ಮಣ್ಣನ್ನು ಬಿಸಿಲಿಗೆ ಒಡ್ಡುವುದು, ಚೆಂಡುಹೂವಿನೊಂದಿಗೆ ಬೆಳೆ ಬದಲಿಸುವುದು ಸಹಾಯ ಮಾಡುತ್ತವೆ. ನಿಂತ ಬೆಳೆಯನ್ನು ಪೂರ್ತಿ ಗುಣಪಡಿಸುವ ಉಪಾಯವಿಲ್ಲ.

ಬುಡದಲ್ಲಿ, ಮಣ್ಣಿಗೆ ತಾಗುವ ಕಡೆ, ಬಿಳಿ ಬೂಷ್ಟು ಮತ್ತು ಅದರ ನಡುವೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಂಡರೆ ಅದು ಬುಡ ಕೊಳೆ ರೋಗ. ಆ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲ ಶಿಲೀಂಧ್ರದ ರೂಪವಾದ್ದರಿಂದ ಗಿಡವನ್ನು ಸುತ್ತಲ ಮಣ್ಣಿನ ಸಮೇತ ತೆಗೆದು ತೋಟದಿಂದ ಹೊರಗೆ ನಾಶಪಡಿಸಬೇಕು. ಗಿಡಕ್ಕೆ ಆಸರೆ ಕಟ್ಟಿದ ದಾರವನ್ನೂ ಇದೇ ಹೊತ್ತಿನಲ್ಲಿ ನೋಡಿಬಿಡಬೇಕು. ಕಾಂಡ ದಪ್ಪವಾದಂತೆ ಬಿಗಿದ ದಾರ ತೊಗಟೆಯೊಳಗೆ ಇಳಿದು ಫ್ಲೋಯಂ ಅನ್ನು ಅಮುಕುತ್ತದೆ. ಕೆಳಗಿಳಿಯಬೇಕಾದ ಸಕ್ಕರೆ ತಡೆದು ನಿಂತು ಕಟ್ಟಿನ ಮೇಲ್ಭಾಗ ಊದಿಕೊಳ್ಳುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿಯ ಕುಟುಂಬದಲ್ಲಿ ಕ್ಸೈಲಂನ ಒಳಬದಿಗೂ ಫ್ಲೋಯಂ ಇರುವುದರಿಂದ ಗಿಡ ಹೇಗೋ ತಡೆದುಕೊಳ್ಳುತ್ತದೆ, ಆದರೆ ಬೇರು ಬಡವಾಗುತ್ತದೆ.

ಕಾಂಡವನ್ನು ಕತ್ತರಿಸಿ ಗಾಜಿನ ಲೋಟದಲ್ಲಿ ನೋಡುವುದು

ಎಲೆಗಳು ಇನ್ನೂ ಹಸಿರಾಗಿರುವಾಗಲೇ ಇಡೀ ಗಿಡ ಒಂದೆರಡು ದಿನದಲ್ಲಿ ಕುಸಿದರೆ ಈ ಪರೀಕ್ಷೆಯನ್ನು ಬಿಡುವಂತಿಲ್ಲ. ಇದಕ್ಕೆ ಖರ್ಚಿಲ್ಲ, ಹೊತ್ತು ಹಿಡಿಯುವುದಿಲ್ಲ, ಇಷ್ಟು ಸ್ಪಷ್ಟವಾಗಿ ಉತ್ತರ ಹೇಳುವ ಬೇರೆ ಪರೀಕ್ಷೆ ಹೊಲದಲ್ಲಿ ಸಿಗುವುದಿಲ್ಲ. ಬಾಡುತ್ತಿರುವ, ಆದರೆ ಇನ್ನೂ ಸಾಯದ ಗಿಡದ ಬುಡದ ಕಾಂಡದಿಂದ ನಾಲ್ಕೈದು ಸೆಂಟಿಮೀಟರ್ ಉದ್ದದ ತುಂಡನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸಬೇಕು. ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ತುಂಡಿನ ಕೆಳತುದಿ ಮಾತ್ರ ನೀರಿಗೆ ತಾಗುವಂತೆ ಹಿಡಿದು, ಅಥವಾ ಕಡ್ಡಿಗೆ ಸಿಕ್ಕಿಸಿ, ಅಲುಗಾಡದಂತೆ ಇಡಬೇಕು. ಲೋಟದ ಹಿಂದೆ ಕಪ್ಪು ಬಟ್ಟೆಯಿದ್ದರೆ ಚೆನ್ನಾಗಿ ಕಾಣುತ್ತದೆ. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಮೈಯಿಂದ ಹಾಲುಬಿಳಿಯ ಎಳೆಗಳು ನೂಲಿನಂತೆ ಕೆಳಕ್ಕೆ ಇಳಿಯತೊಡಗಿದರೆ ಅದು ರಾಲ್‌ಸ್ಟೋನಿಯ ಎಂಬ ದುಂಡಾಣುವಿನಿಂದ ಬರುವ ಸೊರಗು ರೋಗ. ಆ ಎಳೆಗಳು ಕೋಟ್ಯಂತರ ದುಂಡಾಣುಗಳು ಮತ್ತು ಅವು ಸುರಿಸುವ ಅಂಟು. ಆ ಅಂಟೇ ಕ್ಸೈಲಂ ಕೊಳವೆಗಳನ್ನು ತುಂಬಿ ನೀರನ್ನು ತಡೆದಿರುತ್ತದೆ.

ಎಳೆ ಇಳಿಯದಿದ್ದರೆ ಕಾಂಡವನ್ನು ಉದ್ದಕ್ಕೆ ಸೀಳಬೇಕು. ತೊಗಟೆಯ ಒಳಬದಿಯಲ್ಲಿ ಕಂದು ಗೆರೆಗಳು ಮೇಲಿನವರೆಗೂ ಓಡಿದ್ದು, ನಡುವಿನ ತಿರುಳು ಬೆಳ್ಳಗೇ ಇದ್ದು, ಹಿಂದಿನ ದಿನಗಳಲ್ಲಿ ಕೆಳಗಿನ ಎಲೆಗಳು, ಬಹಳ ಸಲ ಗಿಡದ ಒಂದೇ ಮಗ್ಗುಲಿನವು, ಹಳದಿಯಾಗುತ್ತ ಬಂದಿದ್ದರೆ ಅದು ಫ್ಯುಸೇರಿಯಂ ಶಿಲೀಂಧ್ರದ ಸೊರಗು ರೋಗ. ದುಂಡಾಣುವಿನಷ್ಟು ವೇಗ ಇದಕ್ಕಿಲ್ಲ.

ದುಂಡಾಣು ಸೊರಗು ತಗುಲಿದ ಗಿಡವನ್ನು ಉಳಿಸುವ ಔಷಧಿ ಇಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಲೇಬೇಕು, ಏಕೆಂದರೆ ಸಾಲ ಮಾಡಿ ಬೆಳೆ ಇಟ್ಟವರು ಕೊನೆಯ ದುಡ್ಡನ್ನೂ ಸುರಿಯುವುದು ಈ ಹಂತದಲ್ಲೇ. ಮಾಡಬೇಕಾದ್ದು ಉಳಿದ ಗಿಡಗಳನ್ನು ಕಾಪಾಡುವ ಕೆಲಸ: ರೋಗದ ಗಿಡವನ್ನು ಬೇರುಸಮೇತ ತೆಗೆಯುವುದು, ಆ ಗುಂಡಿಯಿಂದ ನೀರು ಮುಂದಕ್ಕೆ ಹರಿಯದಂತೆ ತಡೆಯುವುದು, ಗುದ್ದಲಿ, ಬ್ಲೇಡುಗಳನ್ನು ಶುಚಿ ಮಾಡದೆ ಬೇರೆ ಸಾಲಿಗೆ ಒಯ್ಯದಿರುವುದು. ಮುಂದಿನ ಬೆಳೆಗೆ ಆ ಜಾಗದಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಶುಂಠಿ ಯಾವುದೂ ಬೇಡ. ರಾಗಿ ಅಥವಾ ಮುಸುಕಿನ ಜೋಳ ಒಳ್ಳೆಯದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಈ ರೋಗವನ್ನೂ, ಎಲೆ ಮುದುಡು ನಂಜನ್ನೂ, ಎಲೆ ಅಂಗಮಾರಿಯನ್ನೂ ತಡೆಯುವ ಗುಣವಿದೆ. ರೋಗ ತಡೆಯುವ ಬದನೆಯ ಬೇರಿನ ಮೇಲೆ ಕಸಿ ಮಾಡಿದ ಟೊಮೆಟೊ ಸಸಿಗಳೂ ರೋಗ ನೆಲೆಸಿದ ಮಣ್ಣಿಗೆ ಸೂಕ್ತ.

ಹಳದಿ ಎಲ್ಲಿಂದ ಶುರುವಾಯಿತು

ಗಿಡ ಬಾಡದೆ ಬಣ್ಣ ಮಾತ್ರ ಕೆಟ್ಟಿದ್ದರೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ಸಾರಜನಕ, ಮೆಗ್ನೀಸಿಯಂ ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಅವನ್ನು ಹೊರತೆಗೆದು ಫ್ಲೋಯಂ ಮೂಲಕ ಚಿಗುರಿಗೆ ಸಾಗಿಸುವುದರಿಂದ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಸಾರಜನಕದಲ್ಲಿ ಎಲೆಯೆಲ್ಲ ಸಮನಾಗಿ, ಮೆಗ್ನೀಸಿಯಂನಲ್ಲಿ ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಪೊಟ್ಯಾಷ್ ವಿಪರೀತವಾಗಿ ಕೊಟ್ಟ ತೋಟದಲ್ಲಿ ಮೆಗ್ನೀಸಿಯಂ ಕೊರತೆ ಕಾಣಿಸಿಕೊಳ್ಳುವುದು ಸಾಮಾನ್ಯ, ಏಕೆಂದರೆ ಬೇರಿನ ಬಾಗಿಲಲ್ಲಿ ಎರಡಕ್ಕೂ ಪೈಪೋಟಿಯಿದೆ.

ಕಬ್ಬಿಣ ಹಾಗೆ ಸುಲಭವಾಗಿ ಮರಳಿ ಚಲಿಸುವುದಿಲ್ಲ. ಅದರ ಕೊರತೆ ಚಿಗುರೆಲೆಯಲ್ಲಿ, ಹಸಿರು ನರಗಳ ನಡುವೆ ತಿಳಿಹಳದಿಯಾಗಿ ಕಾಣುತ್ತದೆ. ಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆಂದು ಇದರ ಅರ್ಥವಲ್ಲ. ಕೋಲಾರದ ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ್ದು. ಬೈಕಾರ್ಬೊನೇಟ್ ತುಂಬಿದ ಕೊಳವೆಬಾವಿ ನೀರಿನಿಂದ ಮಣ್ಣಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.5ರ ಮೇಲೇರಿದಾಗ, ಅಥವಾ ಅತಿಯಾದ ನೀರಿನಿಂದ ಬೇರು ದುರ್ಬಲವಾದಾಗ ಅದು ಗಿಡಕ್ಕೆ ಸಿಗದ ರೂಪದಲ್ಲಿ ಉಳಿಯುತ್ತದೆ. ಖಚಿತಪಡಿಸಿಕೊಳ್ಳಲು ಲೀಟರಿಗೆ 2 ಗ್ರಾಂ ಫೆರಸ್ ಸಲ್ಫೇಟ್ ಮತ್ತು ಕೆಲವು ಹನಿ ನಿಂಬೆರಸ ಬೆರೆಸಿ, ಸಂಜೆಯ ಹೊತ್ತು ಒಂದು ಚಿಗುರೆಲೆಯ ಅರ್ಧಕ್ಕೆ ಮಾತ್ರ ಬ್ರಷ್‌ನಿಂದ ಸವರಿ ಗುರುತು ಕಟ್ಟಬೇಕು. ಕೆಲವು ದಿನಗಳಲ್ಲಿ ಆ ಅರ್ಧ ಹಸಿರಾದರೆ ಕೊರತೆ ಕಬ್ಬಿಣದ್ದೇ. ಇಡೀ ತೋಟಕ್ಕೆ ಲಘು ಪೋಷಕಾಂಶಗಳ ಮಿಶ್ರಣ ಸಿಂಪಡಿಸುವ ಮೊದಲು ಒಂದು ಎಲೆಯನ್ನು ಹೀಗೆ ಕೇಳಿ ನೋಡುವುದು ಎಷ್ಟೋ ಮೇಲು.

ಕಾಯಿ ತುದಿ ಕೊಳೆ

ಹೂ ಉದುರಿದ ತುದಿಯಲ್ಲಿ ಮೊದಲು ನೀರು ತುಂಬಿದಂಥ ಮಚ್ಚೆ, ಆಮೇಲೆ ಅದು ಕಂದಾಗಿ, ಕಪ್ಪಾಗಿ, ತೊಗಲಿನಂತೆ ಒಣಗಿ ಒಳಕ್ಕೆ ಕುಸಿಯುವುದು ಇದರ ಲಕ್ಷಣ. ಶಿಲೀಂಧ್ರನಾಶಕ ಸಿಂಪಡಿಸಿ ಪ್ರಯೋಜನವಿಲ್ಲ. ಮಚ್ಚೆಯ ಮೇಲೆ ಕಾಣುವ ಬೂಷ್ಟು ಆಮೇಲೆ ಬಂದದ್ದು. ಮೂಲ ಕಾರಣ ಬೆಳೆಯುತ್ತಿರುವ ಎಳೆಗಾಯಿಗೆ ಸಾಕಷ್ಟು ಕ್ಯಾಲ್ಸಿಯಂ ತಲುಪದಿರುವುದು. ಕ್ಯಾಲ್ಸಿಯಂ ಕ್ಸೈಲಂ ನೀರಿನೊಂದಿಗೆ ಸಾಗುತ್ತದೆ, ಕ್ಸೈಲಂ ನೀರು ಆವಿಯಾಗುವ ಕಡೆಗೆ ಓಡುತ್ತದೆ. ಆವಿ ಬಿಡುವುದು ಎಲೆ. ನುಣುಪಾದ ಸಿಪ್ಪೆಯ ಕಾಯಿಯಿಂದ ಆವಿಯಾಗುವುದು ಅತ್ಯಲ್ಪ. ಹಾಗಾಗಿ ಒಣಗಾಳಿಯ ಬಿಸಿಲಿನಲ್ಲಿ ಎಲೆಗಳೇ ಕ್ಯಾಲ್ಸಿಯಂ ಅನ್ನೆಲ್ಲ ಎಳೆದುಕೊಳ್ಳುತ್ತವೆ, ಕಾಯಿಯ ಪಾಲಿಗೆ ಉಳಿಯುವುದು ಕಡಿಮೆ, ಅದರಲ್ಲೂ ತೊಟ್ಟಿನಿಂದ ದೂರವಿರುವ ತುದಿಗೆ ಮತ್ತೂ ಕಡಿಮೆ. ಎಲೆಯಲ್ಲಿ ಸೇರಿದ ಕ್ಯಾಲ್ಸಿಯಂ ಫ್ಲೋಯಂ ಮೂಲಕ ಕಾಯಿಗೆ ಮರಳುವುದಿಲ್ಲ. ಎಲೆಗೆ ಸಿಂಪಡಿಸಿದ ಕ್ಯಾಲ್ಸಿಯಂ ಕಾಯಿಗೆ ಸಿಗದಿರುವುದೂ ಇದೇ ಕಾರಣಕ್ಕೆ.

ಸರಿಪಡಿಸಬೇಕಾದದ್ದು ಬಹುಮಟ್ಟಿಗೆ ನೀರಿನ ಏರಿಳಿತವನ್ನು. ಮೂರು ದಿನ ಒಣಗಿಸಿ ನಾಲ್ಕನೆಯ ದಿನ ತುಂಬಿಸುವ ಬದಲು ಪ್ರತಿದಿನ ಅಳತೆಯಲ್ಲಿ ಕೊಡಬೇಕು. ವಿದ್ಯುತ್ ಸಿಗುವ ವೇಳೆ ನಮ್ಮ ಕೈಯಲ್ಲಿಲ್ಲದ ಕಡೆ ಕೃಷಿ ಹೊಂಡದಲ್ಲಿ ನೀರು ಕೂಡಿಟ್ಟು ಹಂಚುವುದೊಂದೇ ದಾರಿ. ಕಾಯಿ ಕಟ್ಟುವ ಹಂತದಲ್ಲಿ ಯೂರಿಯಾ, ಅಮೋನಿಯಂ ರೂಪದ ಸಾರಜನಕವನ್ನು ಇಳಿಸಬೇಕು. ಅಮೋನಿಯಂ ಬೇರಿನಲ್ಲಿ ಕ್ಯಾಲ್ಸಿಯಂನ ಹೀರುವಿಕೆಗೆ ಅಡ್ಡಿಯಾಗುತ್ತದೆ, ಅತಿ ಸಾರಜನಕ ಎಲೆಗಳನ್ನು ಸೊಂಪಾಗಿಸಿ ಕಾಯಿಗೆ ಪೈಪೋಟಿ ಹೆಚ್ಚಿಸುತ್ತದೆ. ಆ ಹೊತ್ತಿನಲ್ಲಿ ಡ್ರಿಪ್ ಮೂಲಕ ಕ್ಯಾಲ್ಸಿಯಂ ನೈಟ್ರೇಟ್ ಕೊಡುವುದು ಒಳ್ಳೆಯದು, ಆದರೆ ಅದನ್ನು ಸಲ್ಫೇಟ್ ಅಥವಾ ಫಾಸ್ಫೇಟ್ ಇರುವ ಗೊಬ್ಬರದೊಂದಿಗೆ ಒಂದೇ ತೊಟ್ಟಿಯಲ್ಲಿ ಕದಡಿದರೆ ಗಷ್ಟಾಗಿ ಇಳಿದು ಡ್ರಿಪ್ಪರ್‌ಗಳೇ ಮುಚ್ಚಿಹೋಗುತ್ತವೆ. ಈಗಾಗಲೇ ಕಪ್ಪಾದ ಕಾಯಿ ಸರಿಹೋಗುವುದಿಲ್ಲ. ಅದನ್ನು ಕಿತ್ತು ಹಾಕಿ ಮುಂದಿನ ಗೊಂಚಲನ್ನು ಗಮನಿಸಬೇಕು.

ಇಷ್ಟೆಲ್ಲ ನೋಡಿಯೂ ಕಾರಣ ಸಿಗದಿದ್ದರೆ ಮಾದರಿಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಬೇಕು. ಪೂರ್ತಿ ಒಣಗಿದ ಗಿಡದಿಂದ ಏನೂ ತಿಳಿಯುವುದಿಲ್ಲ. ಬಾಡಲು ಆರಂಭಿಸಿದ ಗಿಡವೊಂದನ್ನು ಬೇರು, ಬೇರಿಗೆ ಹತ್ತಿದ ಮಣ್ಣಿನ ಸಮೇತ ಎತ್ತಿ, ಬೇರಿನ ಭಾಗವನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲ್ಭಾಗವನ್ನು ಒಣ ಕಾಗದದಲ್ಲಿ ಸುತ್ತಿ ಅಂದೇ ತಲುಪಿಸಬೇಕು. ಜೊತೆಗೆ ಅದೇ ಸಾಲಿನ ಆರೋಗ್ಯವಂತ ಗಿಡವೊಂದನ್ನೂ ಒಯ್ಯಬೇಕು. ಹಿಂದಿನ ಬೆಳೆ ಯಾವುದು, ಕಳೆದ ಎರಡು ವಾರದಲ್ಲಿ ಯಾವ ಗೊಬ್ಬರ, ಯಾವ ಔಷಧಿ ಎಷ್ಟು ಹಾಕಿದ್ದೀರಿ, ಮೊದಲ ಗಿಡ ಬಾಡಿದ್ದು ತೋಟದ ಯಾವ ಮೂಲೆಯಲ್ಲಿ ಎಂಬುದನ್ನು ಚೀಟಿಯಲ್ಲಿ ಬರೆದು ಚೀಲಕ್ಕೆ ಕಟ್ಟಿರಬೇಕು.